ಪದ್ಯವಿಲ್ಲದ ಮಹಾಕವಿ

ನಾನೊಬ್ಬ ಮಹಾಕವಿಯನ್ನು ಹುಟ್ಟಿಸಿ ನಾಲ್ಕು ವರ್ಷವಾಗಿತ್ತು. ಕಾದಂಬರಿಯಲ್ಲಿ ಅವನ ವಯಸ್ಸು ಐವತ್ತೆರಡು. ಮುಂಡರಗಿಯಲ್ಲಿ ಸೈಕಲ್ ರಿಪೇರಿ ಅಂಗಡಿ, ಎಣ್ಣೆ ಮೆತ್ತಿದ ಕೈ, ಎದೆಯವರೆಗೆ ಗಡ್ಡ. ಟ್ಯೂಬಿನ ಪಂಕ್ಚರ್ ತೆಗೆಯುತ್ತ ಕವಿತೆ ಕಟ್ಟುತ್ತಾನೆ, ಕೇಳಿದವರೆಲ್ಲ ಕಣ್ಣೀರು ಹಾಕುತ್ತಾರೆ. ಅವನ ಹುಟ್ಟು, ಬಡತನ, ಸಾವು ಎಲ್ಲವನ್ನೂ ಮುನ್ನೂರ ಇಪ್ಪತ್ತು ಪುಟಗಳಲ್ಲಿ ಬರೆದು ಮುಗಿಸಿ, ಅವನು ಸತ್ತ ಪುಟ ಬರೆದ ದಿನ ನಾನೇ ಸ್ವಲ್ಪ ಅತ್ತು, ಹಸ್ತಪ್ರತಿಯನ್ನು ಹೆಂಡತಿಯ ಕೈಗಿಟ್ಟೆ.

ನನ್ನ ಹೆಂಡತಿ ಶಿರಹಟ್ಟಿಯವಳು. ಬೆಟಗೇರಿಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ನಿವೃತ್ತಿಯಾದರೂ ಕೆಂಪು ಪೆನ್ನು ಬಿಟ್ಟಿಲ್ಲ. ಮೂರು ದಿನ ಓದಿದಳು. ನಾಲ್ಕನೆಯ ದಿನ ಚಹಾ ಕೊಡುವಾಗ ಹಸ್ತಪ್ರತಿಯನ್ನೂ ತಂದು ಮುಂದಿಟ್ಟಳು.

"ಇಲ್ಲಿ ನೋಡ್ರಿ," ಅಂದಳು. "ನೂರಾ ಹದಿನಾಲ್ಕನೇ ಪುಟದಾಗ ಇವಾ ಕವಿತಾ ಹೇಳಿದಾ, ಹೆಡ್ ಮಾಸ್ತರ ಎದ್ದ ನಿಂತ ಅತ್ತಾ. ನೂರಾ ಎಪ್ಪತ್ತರಾಗ ಹೇಳಿದಾ, ಸ್ಟ್ಯಾಂಡಿನಾಗ ಹೊಂಟ ಬಸ್ಸ ನಿಂತ್ವು. ಎರಡನೂರಾ ಮೂರರಾಗ ಹೇಳಿದಾ, ಮಳಿ ಬಂತು. ಇಷ್ಟೆಲ್ಲಾ ಆಗಾಕ ಇವಾ ಹೇಳಿದ್ದರ ಏನು?"

"ಅದನ್ನ ಓದುವವರ ಕಲ್ಪನಾಕ್ಕ ಬಿಟ್ಟೀನಿ," ಅಂದೆ, ಸ್ವಲ್ಪ ಗತ್ತಿನಿಂದಲೇ.

"ನಮ್ಮ ಸಾಲ್ಯಾಗ ಹುಡುಗ್ಯಾರು ಹಿಂಗ ಮಾಡತಿದ್ರು. ಲೆಕ್ಕಾ ಬಿಡಸಲಾರದ ಬರೇ ಉತ್ತರಾ ಬರದ ಕೊಡತಿದ್ರು. ನಾ ಸೊನ್ನಿ ಹಾಕತಿದ್ದೆ."

ಪ್ರಕಾಶಕರೂ ಫೋನಿನಲ್ಲಿ ಅದನ್ನೇ ಹೇಳಿದರು, ಸ್ವಲ್ಪ ಮರ್ಯಾದೆಯಿಂದ. ಒಂದೇ ಒಂದು ಕವಿತೆ ಇದ್ದರೂ ಸಾಕು, ಆದರೆ ಓದಿದವರು ನಂಬಬೇಕು. ಅದಿಲ್ಲದೆ ಅಚ್ಚಿಗೆ ಕೊಡುವುದು ಕಷ್ಟ ಎಂದರು. ನಾಲ್ಕು ವರ್ಷದ ದುಡಿತ ನಾಲ್ಕು ಸಾಲಿನ ಮುಂದೆ ಬಂದು ನಿಂತುಬಿಟ್ಟಿತು.

ಇದು ಎಂಥ ಅನ್ಯಾಯ ಎಂದು ನೀವೇ ನೋಡಿ. ಕೊಲೆಗಾರನ ಬಗ್ಗೆ ಕಾದಂಬರಿ ಬರೆಯುವವನು ಯಾರನ್ನೂ ಕೊಲ್ಲಬೇಕಿಲ್ಲ. ಪೈಲ್ವಾನನ ಬಗ್ಗೆ ಬರೆಯುವವನು ಗರಡಿಮನೆಯ ಮಣ್ಣು ಮೈಗೆ ಹಚ್ಚಿಕೊಳ್ಳಬೇಕಿಲ್ಲ. ಡಾಕ್ಟರನ ಬಗ್ಗೆ ಬರೆದರೆ, ಎಲ್ಲಿ ಒಂದು ಆಪರೇಷನ್ ಮಾಡಿ ತೋರಿಸು ಎಂದು ಯಾರೂ ಕೇಳುವುದಿಲ್ಲ. ಆದರೆ ಮಹಾಕವಿಯ ಬಗ್ಗೆ ಬರೆಯುವವನು ನಾಲ್ಕು ಸಾಲಿನ ಮಟ್ಟಿಗಾದರೂ ತಾನೇ ಮಹಾಕವಿ ಆಗಬೇಕು. ಹಾಗೆ ಆಗುವಂತಿದ್ದರೆ ನಾನು ಕಾದಂಬರಿಯ ಉಸಾಬರಿಗೆ ಯಾಕೆ ಹೋಗುತ್ತಿದ್ದೆ?

ಆದರೂ ನನಗೆ ಧೈರ್ಯವಿತ್ತು. ಮೂವತ್ತು ವರ್ಷ ಗದಗಿನ ಅಚ್ಚುಕೂಟವೊಂದರಲ್ಲಿ ಪ್ರೂಫ್ ತಿದ್ದಿದವನು ನಾನು. ಗದಗ-ಬೆಟಗೇರಿ ಎಂಬ ನಮ್ಮ ಅವಳಿ ಊರಿನಲ್ಲಿ ಕಣ್ಣು ಮುಚ್ಚಿ ಕಲ್ಲು ಒಗೆದರೆ ಅದು ಅಚ್ಚುಕೂಟಕ್ಕೆ ಬೀಳಬೇಕು, ಇಲ್ಲವೇ ಕವಿಗೆ. ಎಷ್ಟು ಕವಿಗಳು ನನ್ನ ಮೇಜಿನ ಮುಂದೆ ಕುಳಿತು ಹೋಗಿದ್ದಾರೆ! ಬೀಗರ ಮದುವೆಗೆ ಬರೆದವರು, ಮಗಳ ತೊಟ್ಟಿಲಿಗೆ ಬರೆದವರು, ತಹಶೀಲ್ದಾರರ ವರ್ಗಾವಣೆಗೆ ಬರೆದು ಅದು ರದ್ದಾದಾಗ ಅಳುಮುಖ ಮಾಡಿಕೊಂಡು ಬಂದವರು. ಎಲ್ಲರನ್ನೂ ಮನಸ್ಸಿನೊಳಗೇ ನಕ್ಕು ಕಳಿಸಿದ್ದೆ. ಕೆಟ್ಟ ಪದ್ಯ ಯಾವುದೆಂದು ಇಷ್ಟು ಚೆನ್ನಾಗಿ ಗೊತ್ತಿರುವವನಿಗೆ ಒಳ್ಳೆಯದು ಬರೆಯಲು ಏನು ಕಷ್ಟ ಎಂದು ತಿಳಿದಿದ್ದೆ. ಊಟ ಮಾಡಿ ಮಾಡಿ ಅಡುಗೆ ಬರುತ್ತದೆ ಎಂದು ತಿಳಿದಂತೆ.

ಮೊದಲ ಪ್ರಯತ್ನ ಹೀಗೆ ಶುರುವಾಗಿತ್ತು:

ಓ ಶೂನ್ಯವೇ, ನಿನ್ನ ಮೌನದ ಗರ್ಭದಲಿ
ನಾನೊಂದು ಕಾಲದ ಕಣ್ಣೀರ ಹನಿ

ಹೆಂಡತಿ ಓದಿ, "ಪಂಕ್ಚರ್ ತಗಿಯಾವ ಹಿಂಗ ಮಾತಾಡಿದ್ರ ಗಿರಾಕಿ ಸೈಕಲ್ ಬಿಟ್ಟ ಓಡಿ ಹೋಗತಾರ್ರಿ," ಅಂದಳು. ಹರಿದು ಹಾಕಿದೆ. ಆಮೇಲೆ ಒಂದು ತಿಂಗಳು ಹರಿಯುವುದೇ ಕೆಲಸವಾಯಿತು. ಕಡೆಗೆ, ಜನಪದದ ದಾರಿ ಹಿಡಿದರೆ ಯಾರೂ ಬೆರಳು ತೋರಿಸಲಾರರು ಎಂದು ಇದನ್ನು ಕಟ್ಟಿದೆ:

ಮಣ್ಣೀಗಿ ಬಿದ್ದ ಬೀಜ ಮರವಾಗಿ ಏಳತೈತಿ
ಮುಗಿಲೀಗಿ ಹೋದ ನೀರು ಮಳಿಯಾಗಿ ಇಳಿತೈತಿ
ಹೋದದ್ದು ಬರತೈತಿ, ಬಂದದ್ದು ಹೋಗತೈತಿ
ತಿಳಿದಾವ ಬಲ್ಲ ತಮ್ಮಾ, ತಿಳಿಯದಾವ ಕೆಟ್ಟ

"ತಪ್ಪೇನೂ ಇಲ್ಲ," ಅಂದಳು. ಮೂವತ್ತೈದಕ್ಕೆ ಪಾಸು ಮಾಡುವ ದನಿ ಅದು. ನನಗೆ ಸಿಟ್ಟು ಬಂತು. ಗಂಡ ಬರೆದದ್ದು ಎಂದು ಗೊತ್ತಿರುವುದರಿಂದಲೇ ಇವಳಿಗೆ ಇದರ ಬೆಲೆ ತಿಳಿಯುತ್ತಿಲ್ಲ. ಬರೆದವರು ಯಾರೆಂದು ಗೊತ್ತಿಲ್ಲದವರಿಗೆ ತೋರಿಸಬೇಕು ಎಂದು ನಿಶ್ಚಯ ಮಾಡಿದೆ.

ಅಂಥವನೊಬ್ಬ ಲಕ್ಷ್ಮೇಶ್ವರದಲ್ಲಿದ್ದ. ನನ್ನ ಜೊತೆ ಸಾಲಿ ಕಲಿತವನು, ದರ್ಜಿ. ಮೊಹರಮ್ಮಿನಲ್ಲಿ ಹಾಡುವ ಮೇಳವೊಂದರ ಮುಖ್ಯಸ್ಥ. ಅವನ ಅಜ್ಜ ಕಟ್ಟಿದ ಮೇಳ ಅದು. ಅರ್ಧ ಜನ ಮುಸಲ್ಮಾನರು, ಅರ್ಧ ಜನ ನಮ್ಮವರು, ಹಾಡುವುದೆಲ್ಲ ಅಚ್ಚ ಕನ್ನಡ. ಅವನ ಬಾಯಲ್ಲಿ ನೂರಾರು ಹಾಡುಗಳಿವೆ, ಒಂದೂ ಪುಸ್ತಕದಲ್ಲಿಲ್ಲ. ಅವನು ಹೌದು ಎಂದರೆ ಸಾಕು, ಬೇರೆ ವಿಮರ್ಶಕರು ನನಗೆ ಬೇಕಿರಲಿಲ್ಲ.

ನಾನು ಮಾಡಿದ್ದನ್ನು ಈಗ ಹೇಳಲು ನಾಚಿಕೆ. ಅಚ್ಚುಕೂಟದ ಅಟ್ಟದಿಂದ ಹಳೆಯ ಹಳದಿ ಕಾಗದ ತಂದು, ಮಸಿ ಪೆನ್ನಿನಿಂದ ಪದ್ಯ ಬರೆದು, ಮೇಲೆ ಒಂದಿಷ್ಟು ಚಹಾ ಚಿಮುಕಿಸಿ, ಎರಡು ದಿನ ಬಿಸಿಲಿಗಿಟ್ಟೆ. ಅದನ್ನು ತೆಗೆದುಕೊಂಡು ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. "ಅಚ್ಚುಕೂಟದ ಅಟ್ಟದಾಗ ಒಂದ ಕಾಗದದ ಗಂಟ ಸಿಕ್ಕೈತಿ. ಯಾರೋ ಸತ್ತ ಹೋದಾವನ ಹಾಡು," ಎಂದು ಅವನ ಕೈಗೆ ಕೊಟ್ಟೆ.

ಅವನು ಕತ್ತರಿ ಕೆಳಗಿಟ್ಟ. ಚಷ್ಮಾ ಏರಿಸಿ ಎರಡು ಸಲ ಓದಿದ. ಆಮೇಲೆ ಹೊಲಿಗೆ ಯಂತ್ರದ ಮೇಲೆ ಬೆರಳಿನಿಂದ ತಾಳ ಹಾಕುತ್ತ ಸಣ್ಣ ದನಿಯಲ್ಲಿ ಹಾಡಿದ.

"ಹಾಡಾಕ ಬರತೈತಿ," ಅಂದ. "ಆದ್ರ ಕಡೀ ನುಡಿ ಎಲ್ಲೈತಿ?"

ಅಲ್ಲಿ ಸಿಕ್ಕಿಬಿದ್ದೆ. ಅವರ ಹಾಡುಗಳ ಕಡೆಯ ನುಡಿಯಲ್ಲಿ ಕಟ್ಟಿದವನ ಊರು, ಗುರು, ಹೆಸರು ಬರಲೇಬೇಕು. ಅದಿಲ್ಲದ ಹಾಡನ್ನು ಅವರು ಮೇಳದಲ್ಲಿ ಎತ್ತುವುದಿಲ್ಲ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಕಾಗದಕ್ಕೆ ಚಹಾದ ಬಣ್ಣ ಹಚ್ಚುವ ಉಮೇದಿಯಲ್ಲಿ ಮರೆತಿದ್ದೆ.

"ಆ ಕಾಗದ ಹರದ ಹೋಗಿತ್ತು," ಅಂದೆ.

"ಊರರ ಯಾವದು ಇವಂದು?"

ಅವತ್ತು ಬೆಳಿಗ್ಗೆ ನಮ್ಮ ಮನೆಗೆ ಬದನೆಕಾಯಿ ತಂದಿದ್ದ ಹೆಣ್ಣುಮಗಳು ಅಸುಂಡಿಯವಳು. ಬಾಯಿಗೆ ಅದೇ ಬಂತು. "ಅಸುಂಡಿಯಾವ. ಬಡಿಗ. ತೀರಿಕೊಂಡ ಮೂವತ್ತ ವರ್ಷ ಆತಂತ." ಸುಳ್ಳು ಒಮ್ಮೆ ಶುರುವಾದರೆ ಕಸುಬು, ವಯಸ್ಸು ಎಲ್ಲವನ್ನೂ ತಾನೇ ತರುತ್ತದೆ, ಇಷ್ಟು ಸರಾಗವಾಗಿ ಪದ್ಯ ಬಂದಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ. ಅವನು ತಲೆ ಆಡಿಸಿ ಕಾಗದದ ಫೋಟೋ ತೆಗೆದುಕೊಂಡ. ನಾನು ಗದಗಿನಲ್ಲಿ ಇಳಿದು, ಗೆದ್ದ ಖುಷಿಗೆ ಎರಡು ಪ್ಲೇಟು ಮಿರ್ಚಿ ಭಜಿ ತಿಂದು ಮನೆಗೆ ಹೋದೆ.

ಹತ್ತು ದಿನ ಬಿಟ್ಟು ಅವನ ಫೋನು ಬಂತು. ದನಿ ಕುಣಿಯುತ್ತಿತ್ತು.

"ಲೇ, ಮನಿ ಸಿಕ್ತಲೇ!"

"ಯಾರ ಮನಿ?"

"ನಿನ್ನ ಕವೀದು! ಅಸುಂಡಿಗೆ ಹೋಗಿದ್ದೆ, ಸಕ್ಕರಿ ತಗೊಂಡು."

ಅವರ ಮೇಳದ ಪದ್ಧತಿ ಹಾಗೆ. ಸತ್ತವನ ಹಾಡನ್ನು ಹೊಸದಾಗಿ ಎತ್ತುವ ಮೊದಲು ಅವನ ಮನೆಗೆ ಹೋಗಿ, ಸಕ್ಕರೆ ಕೊಟ್ಟು, ಮನೆಯವರ ಅಪ್ಪಣೆ ತೆಗೆದುಕೊಳ್ಳಬೇಕು. ಅಂಗಡಿ ಮುಚ್ಚಿ, ಎರಡು ಬಸ್ಸು ಬದಲಿಸಿ ಹೋಗಿದ್ದಾನೆ ಪುಣ್ಯಾತ್ಮ. ಊರ ಕಟ್ಟೆಯ ಮೇಲೆ ಕುಳಿತವರನ್ನು, ಮೂವತ್ತು ವರ್ಷದ ಹಿಂದೆ ಹಾಡು ಕಟ್ಟುತ್ತಿದ್ದವನು ಯಾರು ಎಂದು ಕೇಳಿದ್ದಾನೆ. ಅವರು ನೇರವಾಗಿ ಒಂದು ಮನೆ ತೋರಿಸಿದ್ದಾರೆ. ಅಲ್ಲಿ ಅವನ ಹೆಂಡತಿ ಇದ್ದಾಳೆ, ಎಪ್ಪತ್ತೆಂಟು ವಯಸ್ಸಿನ ಮುದುಕಿ.

"ಬಡಿಗ ಅಲ್ಲಲೇ ಅವಾ, ಒಕ್ಕಲತನ. ಆದ್ರ ಊರ ಮಂದೀದು ಮಂಚದ ಕಾಲ, ಬಾಗಲದ ಚಿಲಕಾ ರಿಪೇರಿ ಮಾಡತಿದ್ನಂತ. ಅದಕ್ಕ ನಿನಗ ಬಡಿಗ ಅಂದಾರ," ಎಂದು ನನ್ನ ಸುಳ್ಳಿನ ತೂತನ್ನು ಅವನೇ ಮುಚ್ಚಿದ. "ಬರಿಯಾಕ ಬರತಿದ್ದಿಲ್ಲಂತ. ಆದ್ರ ಯಾವನೋ ಸಾಲಿ ಮಾಸ್ತರ ಕುಂತು ಬರಕೊಂಡ ಹೋಗಿದ್ನಂತ. ಆ ಕಾಗದನ ಇದು ಅಂತ ಮುದುಕಿ ಅತ್ತ ಬಿಟ್ಲು. ನಾ ತಂದ ಸಕ್ಕರೀನ ಓಣಿಗೆಲ್ಲಾ ಹಂಚ್ಯಾಳ. ಹಾಡ ನಿನ್ನ ಬಾಯಾಗ ಬ್ಯಾಡ, ಕಾಗದ ಕಣ್ಣಿಗೆ ಬಿದ್ದ ಮ್ಯಾಲೆ ಕೇಳತೀನಿ ಅಂದ್ಲು. ಕಳಸಪಾ ಅದನ್ನ."

ನನ್ನ ಕೈಯಲ್ಲಿದ್ದ ಫೋನು ಬಿಸಿಯಾಗಿತ್ತೋ ಮುಖವೋ ತಿಳಿಯಲಿಲ್ಲ. ಆ ಸಕ್ಕರೆಯ ಮಾತು ಕೇಳಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ಗಂಟು ಇಲ್ಲ, ಕವಿ ಇಲ್ಲ, ಪದ್ಯ ನಂದೇ ಎಂದು ಹೇಳಿಬಿಟ್ಟೆ. ಅತ್ತ ಕಡೆ ಹೊಲಿಗೆ ಯಂತ್ರ ನಿಂತಿತು.

"ಹಾಡ ಕಟ್ಟಾಕ ಬರಂಗಿಲ್ಲಂದ್ರ ಸುಮ್ನ ಇರಬೇಕಿತ್ತಲೇ," ಅಂದ ಕಡೆಗೆ. "ನನ್ನ ಬೇಕಾದ್ರ ಹುಚ್ಚನ್ನ ಮಾಡು, ಹಳೇ ಗೆಳ್ಯಾ. ಆ ಮುದುಕಿ ಏನ್ ಮಾಡ್ಯಾಳ ನಿನಗ? ನಾ ಹೇಳಂಗಿಲ್ಲ. ನೀನ ಹೋಗಿ ಹೇಳು." ಫೋನು ಇಟ್ಟುಬಿಟ್ಟ.

ಹೆಂಡತಿಗೆ ಹೇಳಿದೆ. ಚಹಾದ ಬಣ್ಣದ ಮಾತು ಬರುವವರೆಗೆ ಅವಳು ಚಷ್ಮಾ ತೆಗೆದು ಕಣ್ಣು ಒರೆಸಿಕೊಂಡು ನಕ್ಕಳು. ಸಕ್ಕರೆ ಹಂಚಿದ್ದು ಕೇಳಿ ನಗು ನಿಲ್ಲಿಸಿದಳು. "ನಡ್ರಿ, ನಾನೂ ಬರತೀನಿ," ಅಂದಳು. "ಒಬ್ಬರನ್ನ ಬಿಟ್ಟರ ಅಲ್ಲಿ ಹೋಗಿ ಇನ್ನೊಂದ ಕಾದಂಬರಿ ಹೇಳಿ ಬರತೀರಿ."

ಮರುದಿನ ಬೆಳಿಗ್ಗೆ ಅಸುಂಡಿಗೆ ಹೋದೆವು. ಮುದುಕಿ ಪಡಸಾಲೆಯಲ್ಲಿ ಮೊರದ ತುಂಬ ಜೋಳ ಹಾಕಿಕೊಂಡು ಹಸನು ಮಾಡುತ್ತಿದ್ದಳು. ಗದಗಿನಿಂದ ಬಂದವರು ಎಂದು ತಿಳಿಯುವುದೇ ತಡ, ಓಣಿಯ ನಾಲ್ಕೈದು ಹೆಣ್ಣುಮಕ್ಕಳು ಬಂದು ಕುಳಿತರು. ಮೊದಲು ನಿಜ ಹೇಳಬೇಕು ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಪಾಠ ಮಾಡಿಕೊಂಡಿದ್ದೆ. ಆದರೆ ಬಾಯಿ ತೆರೆಯುವ ಮೊದಲೇ ಆಕೆ, "ಕುಂಡ್ರಿ. ಮಾತ ಆಮ್ಯಾಲೆ. ಮೊದಲ ಓದ್ರಿ," ಅಂದಳು. ಕಣ್ಣು ಮುಚ್ಚಿಕೊಂಡಳು.

ಹಳದಿ ಕಾಗದ ತೆಗೆದು ಓದಿದೆ. ಬೀಜ ಮರವಾಯಿತು, ನೀರು ಮಳೆಯಾಯಿತು, ತಿಳಿದವನು ಬಲ್ಲವನಾದ. ಮುದುಕಿ ಕಣ್ಣು ಬಿಟ್ಟಳು.

"ಇದು ಅವರದಲ್ಲ."

ಅದು ಖರೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಸ್ವಲ್ಪ ಅವಮಾನವಾಯಿತು. "ಅಷ್ಟ ಜಲ್ದಿ ಹೆಂಗ ಗೊತ್ತಾತ್ರಿ?" ಎಂದು ಕೇಳಿದೆ.

"ಇದರಾಗ ಯಾರನ್ನೂ ಕಾಡಿಸಿಲ್ಲ," ಅಂದಳು. ಹೆಣ್ಣುಮಕ್ಕಳೆಲ್ಲ ನಕ್ಕರು. "ಅವರ ಹಾಡಿನಾಗ ಯಾರರ ಒಬ್ಬರು ಸಿಕ್ಕ ಬೀಳತಿದ್ರು. ಗೌಡ್ರು, ಇಲ್ಲಾ ಅವರ ತಮ್ಮ, ಇಲ್ಲಾಂದ್ರ ನಾ. ಹೆಚ್ಚಾಗಿ ನಾನ. ಇದನ್ನ ಬರದಾವ ಎಲ್ಲಾರಿಗೂ ಬುದ್ಧಿ ಹೇಳ್ಯಾನ, ಯಾರ ಮಾರಿನೂ ನೋಡಿಲ್ಲ. ಯಾರು ಪಾಪ ಇವಾ?"

"ನಾನ್ರಿ," ಅಂದೆ.

ಆಮೇಲೆ ಎಲ್ಲವನ್ನೂ ಹೇಳಿದೆ. ಗಂಟು ಸಿಕ್ಕಿಲ್ಲ, ಮಾಸ್ತರನ ಕಾಗದ ಇಲ್ಲ, ದರ್ಜಿಯದು ಏನೂ ತಪ್ಪಿಲ್ಲ. ಆಕೆ ನನ್ನನ್ನು ಬೈಯಲಿಲ್ಲ. "ಹಂಗಾರ ಕಾಗದ ಇಲ್ಲಾ?" ಎಂದು ಒಮ್ಮೆ ಕೇಳಿದಳು. ಇಲ್ಲ ಎಂದೆ. ಮೊರದ ಜೋಳದಲ್ಲಿ ಕೈಯಾಡಿಸುತ್ತ ಕುಳಿತಳು. ಬೈದಿದ್ದರೆ ಚೆನ್ನಾಗಿತ್ತು. ನನ್ನ ಜೀವಮಾನದಲ್ಲಿ ಅಷ್ಟು ನಾಚಿಕೆ ನನಗೆ ಆಗಿರಲಿಲ್ಲ.

ನನ್ನ ಹೆಂಡತಿ ಆಕೆಯ ಪಕ್ಕಕ್ಕೆ ಸರಿದು ಕುಳಿತು, ತಾನೂ ಜೋಳದಲ್ಲಿ ಕೈ ಹಾಕಿದಳು. "ಅಮ್ಮಾ, ನಿಮಗ ಅವರ ಹಾಡು ಯಾವದರ ನೆನಪೈತೇನ್ರಿ?" ಅಂದಳು. ನನಗೆ ಹೊಳೆಯದೇ ಹೋಗಿದ್ದ ಮಾತು ಅದು.

"ಒಂದ ಐತಿ," ಅಂದಳು ಮುದುಕಿ. "ಅದನ್ನ ಮರೀಬೇಕಂತ ಭಾಳ ಮಾಡಿದೆ, ಆಗಲಿಲ್ಲ." ಓಣಿಯವರ ಕಡೆ ನೋಡಿ, ಸೆರಗು ಸರಿಮಾಡಿಕೊಂಡು, ನಡುಗುವ ದನಿಯಲ್ಲಿ ಹಾಡಿದಳು:

ಒಲಿ ಮುಂದ ಕುಂತಾಕಿ ಕಣ್ಣೊರಸಿಕೊಂಡಾಳ
ಯಾಕಂತ ಕೇಳಿದರ ಹೊಗಿ ಅಂತ ಅಂದಾಳ
ಖರೆ ಇದ್ದೀತಂತ ನಾ ಹೊರಗ ಬಂದ ನಿಂತೀನಿ
ಒಲಿಯ ಹಚ್ಚಿಲ್ಲ ಇನ್ನ, ಹೊಗಿ ಎಲ್ಲೀದ ಗೆಳತಿ

ಆಕೆಯೇ ಮುಂದುವರಿಸಿದಳು. ಮದುವೆಯಾದ ಮೊದಲ ವರ್ಷದ ನಾಗರ ಪಂಚಮಿ, ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ. ತವರು ಬಾಳೆಹೊಸೂರಿನಿಂದ ಅಣ್ಣ ಕರೆಯಲು ಬರಲಿಲ್ಲ. ಅತ್ತದ್ದನ್ನು ಯಾರಿಗೂ ತೋರಿಸಬಾರದು ಎಂದು ಹೊಗೆ ಎಂದಿದ್ದಳು. ಮರುದಿನ ಗಂಡ ಹೊಲದಲ್ಲಿ ಕಳೆ ತೆಗೆಯುವವರೆಲ್ಲರ ಮುಂದೆ ಇದನ್ನು ಹಾಡಿದ. "ಮಂದಿ ಮುಂದ ಮಾನಾ ಕಳದ್ರು. ನಾಕ ದಿನ ಮಾತಾಡ್ಲಿಲ್ಲ ನಾ. ಐದನೇ ದಿನ ಚಕ್ಕಡಿ ಹೂಡಿ ತಾವ ಕರಕೊಂಡ ಹೋಗಿ ತವರಮನಿಗೆ ಬಿಟ್ಟ ಬಂದ್ರು," ಎಂದು ನಕ್ಕಳು.

ನಾಲ್ಕು ವರ್ಷ, ಮುನ್ನೂರ ಇಪ್ಪತ್ತು ಪುಟ, ಒಂದು ತಿಂಗಳು ಹರಿದ ಕಾಗದ. ಅಲ್ಲೆಲ್ಲೂ ಸಿಗದೆ ಹೋದದ್ದು ಈ ಪಡಸಾಲೆಯಲ್ಲಿ ಜೋಳದ ಪಕ್ಕ ಕುಳಿತಿತ್ತು. ಇದನ್ನು ನೂರಾ ಹದಿನಾಲ್ಕನೆಯ ಪುಟದಲ್ಲಿ ಇಟ್ಟರೆ ಹೆಡ್ ಮಾಸ್ತರ ಅತ್ತದ್ದನ್ನು ಯಾರೂ ಪ್ರಶ್ನಿಸುವುದಿಲ್ಲ. ಮಾಡಿದ ತಪ್ಪಿಗೆ ನಾಚಿ ಇನ್ನೂ ಕಾಲು ಗಂಟೆ ಆಗಿಲ್ಲ, ನನ್ನ ಕೈ ಆಗಲೇ ಜೇಬಿನ ಪೆನ್ನು ಹುಡುಕುತ್ತಿತ್ತು. ನಾಯಿ ಬಾಲ ಡೊಂಕು. ಹೆಂಡತಿ ನನ್ನನ್ನು ದಿಟ್ಟಿಸಿ ನೋಡಿದಳು, ಅದಕ್ಕೆ ಕೇಳಿಯೇ ತೆಗೆದುಕೊಳ್ಳೋಣ ಎಂದುಕೊಂಡೆ.

"ಈ ಹಾಡ ನನ್ನ ಪುಸ್ತಕಕ್ಕ ಕೊಡತೀರೇನ್ರಿ?"

"ಪುಸ್ತಕದಾಗ ಯಾರ ಹಾಡತಾರ ಇದನ್ನ?"

"ನನ್ನ ಕವಿ. ಸೈಕಲ್ ರಿಪೇರಿ ಮಾಡಾವ."

"ಅವಗ ಹೇಂತಿ ಅದಾಳೇನು?"

"ಇಲ್ರಿ. ಮದವಿ ಆಗಿಲ್ಲ ಅವಾ." ಮಹಾಕವಿಗೆ ಸಂಸಾರ ಇದ್ದರೆ ಎತ್ತರ ಕಡಿಮೆಯಾಗುತ್ತದೆ ಎಂದು ನಾನೇ ಅವನಿಗೆ ಮದುವೆ ಮಾಡಿಸಿರಲಿಲ್ಲ.

ಮುದುಕಿ ನನ್ನನ್ನು ಕರುಣೆಯಿಂದ ನೋಡಿದಳು. "ಹಂಗಾರ ಒಲಿ ಮುಂದ ಕುಂತಾಕಿ ಯಾರ್ರೀ?"

ನನ್ನ ಕವಿಯ ಮನೆಯಲ್ಲಿ ಒಲೆಯನ್ನೇ ನಾನು ಇಟ್ಟಿರಲಿಲ್ಲ. ಅವನು ಮೂರೂ ಹೊತ್ತು ಖಾನಾವಳಿಯಲ್ಲಿ ಉಣ್ಣುತ್ತಿದ್ದ.

"ಮಂದಿಗೆ ಹೇಳ್ರಿ, ಬ್ಯಾಡ ಅನ್ನಂಗಿಲ್ಲ," ಅಂದಳು. "ಅಸುಂಡಿಯವರು ತಮ್ಮ ಹೇಂತಿಗೆ ಕಟ್ಟಿದ್ದು ಅಂತ ಹೇಳ್ರಿ. ಅವರ ಹೆಸರ ನಾ ಹೇಳಂಗಿಲ್ಲ, ನೀವೂ ಹೇಳೂದ ಬ್ಯಾಡ. ಆದ್ರ ನಿಮ್ಮ ಸುಳ್ಳ ಮನಶ್ಯಾಗ ಮಾತ್ರ ಕೊಡಬ್ಯಾಡ್ರಿ." ಆ ಮಾತಿನಂತೆಯೇ ಇಲ್ಲಿ ಹೇಳಿದ್ದೇನೆ.

ಹೆಂಡತಿ ನನ್ನ ಕೈಯಿಂದ ಚಹಾ ಕುಡಿದ ಕಾಗದ ಇಸಿದುಕೊಂಡು, ಅದರ ಹಿಂಬದಿಗೆ ಆ ನಾಲ್ಕು ಸಾಲನ್ನು ತನ್ನ ದುಂಡಗಿನ ಅಕ್ಷರದಲ್ಲಿ ಬರೆದಳು. ಕೆಳಗೆ ಅಸುಂಡಿ ಎಂದು ಬರೆದಳು. ಮುದುಕಿ ಕಾಗದವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಯಾವ ಸಾಲು ಎಲ್ಲಿದೆ ಎಂದು ಬೆರಳಿಟ್ಟು ಕೇಳಿ ತಿಳಿದುಕೊಂಡಳು. ಮುಂಬದಿಯ ನನ್ನ ಪದ್ಯ ಹೊಡೆದು ಹಾಕಲೇ ಎಂದು ಕೇಳಿದೆ. "ಇರಲಿ ಬಿಡ್ರಿ," ಅಂದಳು, "ಇನ್ನ ಬರೀತಾ ಬರೀತಾ ಬಂದೀತು." ಎಪ್ಪತ್ತೆಂಟರ ಆಕೆ ಅರವತ್ತೆರಡರ ನನಗೆ ಧೈರ್ಯ ಹೇಳಿದಳು.

ದರ್ಜಿ ಗೆಳೆಯ ಮುಂದೆ ಎರಡು ತಿಂಗಳು ನನ್ನ ಫೋನು ಎತ್ತಲಿಲ್ಲ. ಆಮೇಲೊಂದು ದಿನ ಅವನೇ ಮಾಡಿ, ತಾನು ಮತ್ತೆ ಸಕ್ಕರೆ ತೆಗೆದುಕೊಂಡು ಹೋಗಿ ಆ ಖರೆ ಹಾಡಿಗೆ ಅಪ್ಪಣೆ ತಂದೆನೆಂದು ಹೇಳಿ, ನನ್ನ ಮಾತಿಗೆ ಕಾಯದೆ ಇಟ್ಟುಬಿಟ್ಟ. ಕಾದಂಬರಿಯನ್ನು ಮೊದಲಿನಿಂದ ಬರೆಯುತ್ತಿದ್ದೇನೆ. ಕವಿಯ ಗಡ್ಡ ಬೋಳಿಸಿ ಮದುವೆ ಮಾಡಿಸಿದ್ದೇನೆ. ಹೆಂಡತಿ ಬಂದ ಮೇಲೆ ಅವನ ಮಾತು ಕಡಿಮೆಯಾಗಿದೆ, ಬಸ್ಸುಗಳು ಹೊತ್ತಿಗೆ ಸರಿಯಾಗಿ ಹೊರಡುತ್ತಿವೆ. ಕವಿತೆ ಮಾತ್ರ ಇನ್ನೂ ಇಲ್ಲ. ಯಾಕೆ ಇಲ್ಲ ಎಂದು ಪ್ರಕಾಶಕರಿಗೆ ನಾನು ಹೇಳಿಲ್ಲ, ಇಲ್ಲಿ ಹೇಳುತ್ತೇನೆ.

ಅಸುಂಡಿಯಿಂದ ಮರಳುವಾಗ ಬಸ್ಸಿನಲ್ಲಿ ಹೆಂಡತಿ ಕಿಟಕಿಯ ಪಕ್ಕ ಕುಳಿತಿದ್ದಳು. ಅವಳಿಗೆ ಟಿಕೀಟು ಪುಕ್ಕಟೆ, ನನಗೆ ಮಾತ್ರ ದುಡ್ಡು. ಸಾಮಾನ್ಯವಾಗಿ ಈ ವಿಷಯಕ್ಕೆ ಇಬ್ಬರೂ ಜಗಳವಾಡುತ್ತೇವೆ, ಅವತ್ತು ಆಡಲಿಲ್ಲ. ಮದುವೆಯಾಗಿ ಮೂವತ್ತಮೂರು ವರ್ಷದಲ್ಲಿ ಊರ ಕವಿಗಳೆಲ್ಲರ ಪದ್ಯ ತಿದ್ದಿದ್ದೆ, ಇವಳ ಬಗ್ಗೆ ಒಂದು ಸಾಲು ಬರೆದಿರಲಿಲ್ಲ. ಅವಳು ಕೇಳಿರಲೂ ಇಲ್ಲ. ಹೊರಗೆ ಎರೆಹೊಲ ಸರಿಯುತ್ತಿತ್ತು. ಅವಳ ಬೆರಳಿಗೆ ಇನ್ನೂ ಜೋಳದ ಧೂಳು ಅಂಟಿತ್ತು. ಅವಳನ್ನೇ ಕಾಡಿಸುವ ಎರಡು ಸಾಲು ಬಾಯಿಗೆ ಬಂದವು, ಬರೆಯಲಿಲ್ಲ, ಅವಳ ಕಿವಿಗೆ ಹೇಳಿದೆ.

ಅವಳು ಕಿಟಕಿಯ ಕಡೆಯಿಂದ ಮುಖ ತಿರುಗಿಸಲಿಲ್ಲ. "ಇನ್ನೊಮ್ಮೆ ಹೇಳ್ರಿ," ಅಂದಳು.

ಹೇಳಿದೆ.

"ಇದನ್ನ ಪುಸ್ತಕದಾಗ ಹಾಕಬ್ಯಾಡ್ರಿ."

"ಯಾಕ, ಛಲೋ ಆಗಿಲ್ಲೇನು?"

"ಛಲೋ ಆಗೇತಿ," ಅಂದಳು. "ಅದಕ್ಕ ಬ್ಯಾಡ ಅನ್ನಾಕತ್ತೀನಿ."